ಸ್ಪಷ್ಟನೆ: ಪರೀಕ್ಷೆ-1 ಕೈತಪ್ಪಿದರೆ ವರ್ಷ ಹಾಳಾಗುವುದಿಲ್ಲ

‘ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಫೇಲಾದರೆ ಒಂದು ವರ್ಷ ವ್ಯರ್ಥ, ಆದ್ದರಿಂದ ಕೊನೆಯ ವಾರ ಮಕ್ಕಳನ್ನು ನಾಲ್ಕು ಗಂಟೆಗಿಂತ ಹೆಚ್ಚು ಮಲಗಲು ಬಿಡಬೇಡಿ’ ಎಂಬ ಸಂದೇಶವೊಂದು ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದರ ಎರಡೂ ಭಾಗ ತಪ್ಪು.

ಕರ್ನಾಟಕದಲ್ಲಿ 2023–24ನೇ ಸಾಲಿನಿಂದ ಬಂದಿರುವ ವ್ಯವಸ್ಥೆಯಂತೆ, ಪರೀಕ್ಷೆ-1ರಲ್ಲಿ ಅನುತ್ತೀರ್ಣರಾದವರಷ್ಟೇ ಅಲ್ಲ, ಬಂದ ಅಂಕ ಸಾಲದೆನಿಸಿದ ಉತ್ತೀರ್ಣರೂ ಅದೇ ವರ್ಷ ಪರೀಕ್ಷೆ-2 ಬರೆಯಬಹುದಾಗಿದ್ದು, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ‘ಪೂರಕ ಪರೀಕ್ಷೆ’ ಎಂಬ ಹಣೆಪಟ್ಟಿಯೂ ಈಗಿಲ್ಲ.

ನಿದ್ದೆಯ ಕುರಿತ ಸಲಹೆಯಂತೂ ಅಪಾಯಕಾರಿ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ನಿದ್ರಾತಜ್ಞರ ಅಭಿಪ್ರಾಯ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ಬಹುಮಟ್ಟಿಗೆ ಆ ಹೊತ್ತಿನಲ್ಲೇ. ರಾತ್ರಿ ಎರಡರವರೆಗೆ ಪ್ರಮೇಯಗಳನ್ನು ಉರುಹೊಡೆದ ಹುಡುಗಿ, ಪ್ರಶ್ನೆಪತ್ರಿಕೆ ಓದಲೆಂದೇ ಕೊಡುವ ಮೊದಲ 15 ನಿಮಿಷಗಳಲ್ಲಿ ಒಂದೇ ಸಾಲನ್ನು ಮೂರು ಸಲ ಓದುತ್ತಾ ಕುಳಿತಿರುತ್ತಾಳೆ. (ಸಂದೇಶ ಕಳುಹಿಸಿದ ಹಿರಿಯರು ಮಾತ್ರ ಹತ್ತಕ್ಕೇ ಮಲಗಿರುತ್ತಾರೆ, ಆ ಮಾತು ಬೇರೆ.)

ಮಗು ಊಟ ಬಿಟ್ಟು, ಮಾತು ನಿಲ್ಲಿಸಿ, ಬದುಕೇ ಬೇಡವೆಂಬಂತೆ ಮಾತನಾಡಿದರೆ, ಪರೀಕ್ಷೆ ಮುಗಿಯಲೆಂದು ಕಾಯದೆ 14416ಕ್ಕೆ ಕರೆ ಮಾಡಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಈ ಟೆಲಿ-ಮಾನಸ್ ಸಹಾಯವಾಣಿ ದಿನದ 24 ಗಂಟೆಯೂ ಉಚಿತವಾಗಿದ್ದು, ಕನ್ನಡದಲ್ಲೇ ಮಾತನಾಡಬಹುದು.