ಬೋರ್ಡ್ ಸ್ಮಾರ್ಟ್ ಆಯಿತು, ಕೇಬಲ್ ಬರಲಿಲ್ಲ

1913ರಲ್ಲಿ ಥಾಮಸ್ ಎಡಿಸನ್ ಭವಿಷ್ಯ ನುಡಿದರು: ಸಿನಿಮಾ ಬಂದಾಯಿತು, ಇನ್ನು ಶಾಲೆಗಳಲ್ಲಿ ಪುಸ್ತಕಕ್ಕೆ ಕೆಲಸವಿಲ್ಲ, ಹತ್ತು ವರ್ಷದೊಳಗೆ ಶಾಲಾ ವ್ಯವಸ್ಥೆಯೇ ಪೂರ್ತಿ ಬದಲಾಗುತ್ತದೆ. ಆ ಹತ್ತು ವರ್ಷ ಇನ್ನೂ ಮುಗಿದಿಲ್ಲ. ರೇಡಿಯೊ ಬಂದಾಗ, ಟಿವಿ ಬಂದಾಗ, ಕಂಪ್ಯೂಟರ್ ಬಂದಾಗ, ಈಗ ಎಐ ಬಂದಾಗ, ಪ್ರತಿ ಸಲವೂ ಎಣಿಕೆ ಮತ್ತೆ ಒಂದರಿಂದ ಶುರು.

ಕ್ರಮ ಮಾತ್ರ ಬದಲಾಗಿಲ್ಲ. ಮೊದಲು ಸಾಮಾನು (ಈಗಿನ ಸರದಿ ಬೆರಳಿಟ್ಟು ನಡೆಸುವ ಸ್ಮಾರ್ಟ್ ಬೋರ್ಡು, ಟ್ಯಾಬುಗಳದ್ದು), ಆಮೇಲೆ ರಿಬ್ಬನ್, ಆಮೇಲೆ ಫೋಟೊ. ಇದರಲ್ಲಿ ಯಾವ ಪಾಠ ಮಾಡೋದು ಸಾರ್ ಅಂತ ಯಾರಾದರೂ ಮೇಷ್ಟ್ರು ಬಾಯಿ ಬಿಟ್ಟರೆ ಅವರ ಹೆಸರು 'ಬದಲಾವಣೆಗೆ ಒಗ್ಗದವರ' ಪಟ್ಟಿಗೆ.

ನಂತರ ತರಬೇತಿ. ಒಂದು ದಿನ, ಒಂದು ಬೋರ್ಡು, ಅರವತ್ತು ಶಿಕ್ಷಕರು. ಬೆಳಗಿನ ಅವಧಿ ಇಪ್ಪತ್ತೊಂದನೆಯ ಶತಮಾನದ ಕೌಶಲಗಳಿಗೆ. ಊಟವಾದ ಮೇಲೆ ಪವರ್ ಬಟನ್ ಎಲ್ಲಿದೆ ಎಂಬುದಕ್ಕೆ. ಸಂಪನ್ಮೂಲ ವ್ಯಕ್ತಿಗಳು, ತರಗತಿಯಲ್ಲಿ ತಂತ್ರಜ್ಞಾನದ ಬಳಕೆಗೆ ಶಿಕ್ಷಣ ತಜ್ಞ ರೂಬೆನ್ ಪ್ಯೂಂಟೆಡುರಾ ಹಾಕಿಕೊಟ್ಟ ನಾಲ್ಕು ಮೆಟ್ಟಿಲುಗಳನ್ನು ತಪ್ಪದೆ ಹತ್ತಿಸುತ್ತಾರೆ: ಹಳೆಯ ಸಾಧನದ ಜಾಗಕ್ಕೆ ಹೊಸತು, ಅದರಿಂದ ಒಂದಿಷ್ಟು ಅನುಕೂಲ, ಚಟುವಟಿಕೆಯಲ್ಲೇ ಮಾರ್ಪಾಡು, ಕೊನೆಗೆ ಮೊದಲು ಸಾಧ್ಯವೇ ಇರದಿದ್ದ ಕಲಿಕೆ. ಉದಾಹರಣೆಗೆ ತೋರಿಸುವುದು ಪಠ್ಯಪುಸ್ತಕದ ಪಿಡಿಎಫ್. ಮೊದಲ ಮೆಟ್ಟಿಲಲ್ಲಿ ನಿಂತೇ ನಾಲ್ಕನೆಯದರ ಪ್ರಮಾಣಪತ್ರ ಕೈಗೆ ಬರುತ್ತದೆ.

ಇನ್ನು ತರಗತಿ. ಟೀಚರ್ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸುತ್ತಾರೆ. ಬೋರ್ಡಿನ ಮೇಲೆ ಬರೀ ವಾಲ್‌ಪೇಪರ್. ಪರದೆ 'ಎಕ್ಸ್‌ಟೆಂಡ್'ನಲ್ಲಿದೆ, ಪಾಠ ಲ್ಯಾಪ್‌ಟಾಪಿನಲ್ಲೇ ಉಳಿದಿದೆ. ವಿಂಡೋಸ್ ಕೀ ಹಿಡಿದು 'ಪಿ' ಒತ್ತಿ, 'ಡೂಪ್ಲಿಕೇಟ್' ಆರಿಸಿದರೆ ಹತ್ತು ಸೆಕೆಂಡಿನ ಕೆಲಸ. ಆದರೆ ಇಷ್ಟು ಸಣ್ಣದಕ್ಕೊಂದು ಸ್ಲೈಡ್ ಮಾಡುವುದು ತರಬೇತಿಯ ಘನತೆಗೆ ತಕ್ಕುದಲ್ಲ. ಸರಿ, ಚಿತ್ರ ಬಂತು. ಬೆರಳಿಟ್ಟರೆ ಏನೂ ಅಲುಗುವುದಿಲ್ಲ. ಎಚ್‌ಡಿಎಂಐ ಚಿತ್ರವನ್ನೂ ಸದ್ದನ್ನೂ ಒಯ್ಯುತ್ತದೆ, ಬೆರಳಿನ ಸುದ್ದಿಯನ್ನು ವಾಪಸ್ ತರುವುದಿಲ್ಲ. ಅದಕ್ಕೆ ಬೋರ್ಡಿನ 'ಟಚ್' ಪೋರ್ಟಿನಿಂದ ಲ್ಯಾಪ್‌ಟಾಪಿಗೆ ಬೇರೆಯದೇ ಯುಎಸ್‌ಬಿ ಕೇಬಲ್ ಬೇಕು. ಸಾಮಾನ್ಯವಾಗಿ ಅದರ ಒಂದು ತುದಿ ಚಪ್ಪಟೆ, ಇನ್ನೊಂದು ಚೌಕ. ಪ್ರಿಂಟರಿಗೂ ಇದೇ ಕೇಬಲ್. ಹಾಗಾಗಿ ಪೆಟ್ಟಿಗೆ ಬಿಚ್ಚಿದ ದಿನವೇ ಅದು ಆಫೀಸಿನ ಪಾಲಾಗಿ, 'ಸ್ಮಾರ್ಟ್ ತರಗತಿ ಯಶಸ್ವಿ' ಎಂಬ ವರದಿಯನ್ನು ಮುದ್ರಿಸುತ್ತಿರುತ್ತದೆ. ಬದಲಿ ಕೇಬಲ್ ತರಿಸುವವರು ಹತ್ತು ಮೀಟರಿನದನ್ನು ತರಿಸುತ್ತಾರೆ, ಉದ್ದವಿದ್ದರೆ ಒಳ್ಳೆಯದಲ್ಲವೇ ಅಂತ. ಯುಎಸ್‌ಬಿ 2.0 ಮಾಮೂಲಿ ಕೇಬಲಿಗೆ ಐದು ಮೀಟರೇ ಮಿತಿ. ಅದು ದಾಟಿದರೆ ಬೆರಳು ಒಮ್ಮೆ ಕೇಳುತ್ತದೆ, ಒಮ್ಮೆ ಇಲ್ಲ. ಆಗ 'ಟೀಚರಿಗೆ ಸರಿಯಾಗಿ ಮುಟ್ಟೋಕೆ ಬರಲ್ಲ' ಎಂಬ ತೀರ್ಮಾನ ಬರುತ್ತದೆ.

ಟ್ಯಾಬ್‌ಗಳ ಕಥೆ ಚಿಕ್ಕದು. ರಜೆ ಪೂರ್ತಿ ಬೀರುವಿನಲ್ಲಿ ಮಲಗಿದ್ದ ನಲವತ್ತೂ ಶಾಲೆ ಶುರುವಾದ ದಿನ ಒಟ್ಟಿಗೆ ಎದ್ದು ಒಟ್ಟಿಗೆ ಅಪ್‌ಡೇಟ್ ಕೇಳುತ್ತವೆ. ಅದು ಮುಗಿದು, ಒಂದೊಂದರಲ್ಲೂ ಸುಮಾರು 2.5 ಎಂಬಿಪಿಎಸ್ ಇಂಟರ್ನೆಟ್ ವೇಗ ಎಳೆಯುವ ವಿಡಿಯೊ ಒಟ್ಟಿಗೆ ಓಡಿದರೆ ಬೇಕಾದದ್ದು 100 ಎಂಬಿಪಿಎಸ್. ಇರುವುದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ, ಕಬ್ಬಿಣದ ಬೀರುವಿನ ಹಿಂದೆ ಕೂತ ಒಂದು ರೂಟರ್. ವಿಡಿಯೊವನ್ನು ಹಿಂದಿನ ದಿನವೇ ಪೆನ್‌ಡ್ರೈವಿಗೆ ಇಳಿಸಿಕೊಂಡು ಒಂದೇ ಬೋರ್ಡಿನಲ್ಲಿ ತೋರಿಸಿ, ಎರಡು ಕಡೆ ನಿಲ್ಲಿಸಿ ಪ್ರಶ್ನೆ ಕೇಳಿದರೆ ಕೆಲಸವಾಗುತ್ತದೆ. ಈ ಸಲಹೆ ಕೊಟ್ಟವರಿಗೆ 'ಕ್ಲೌಡ್' ಅರ್ಥವಾಗಿಲ್ಲ ಎಂದು ಸಭೆಯಲ್ಲಿ ನಗುತ್ತಾರೆ.

ಮಗುವಿಗೊಂದು ಲ್ಯಾಪ್‌ಟಾಪ್ ಕೊಟ್ಟ ಪೆರುವಿನ ಗ್ರಾಮೀಣ ಶಾಲೆಗಳ ಮೌಲ್ಯಮಾಪನ 2012ರಲ್ಲಿ ಹೊರಬಂತು. ಕಂಪ್ಯೂಟರ್ ಬಳಕೆ ಚೆನ್ನಾಗಿ ಏರಿತ್ತು; ಗಣಿತ, ಭಾಷೆಯ ಅಂಕಗಳು ಏರಿದ್ದಕ್ಕೆ ಪುರಾವೆ ಸಿಗಲಿಲ್ಲ. ನಮ್ಮ ಯೋಜಕರು ಇದರಲ್ಲಿ ಮೊದಲರ್ಧ ಓದಿ ಪುಟ ಮಡಚಿಟ್ಟರು.

ಶಿಕ್ಷಕರ ತರಬೇತಿ ತರಗತಿಯವರೆಗೆ ತಲುಪಬೇಕಾದರೆ ಉಪನ್ಯಾಸ, ಪ್ರಾತ್ಯಕ್ಷಿಕೆ ಸಾಲದು. ಅಭ್ಯಾಸ ಮಾಡಿಸಬೇಕು, ಆಮೇಲೆ ತರಗತಿಯಲ್ಲೇ ಜೊತೆಗಿದ್ದು ತಿದ್ದುವವರು ಬೇಕು ಎಂದು ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ಹೇಳಿದ್ದರು. ಒಂದು ಪಾಠ, ಒಂದು ಸಾಧನ, ಹಿಂದಿನ ಬೆಂಚಿನಲ್ಲಿ ಕೂತು ನೋಡುವ ಒಬ್ಬ ಅನುಭವಿ ಸಹೋದ್ಯೋಗಿ, ವಾರಕ್ಕೊಂದು ಬಿಡುವಿನ ಪಿರಿಯಡ್ಡು. ತೊಂದರೆ ಏನೆಂದರೆ, ಸಹೋದ್ಯೋಗಿಗೆ ರಿಬ್ಬನ್ ಕಟ್ಟಿ ಕತ್ತರಿಸುವುದಕ್ಕಾಗುವುದಿಲ್ಲ. ಬಿಡುವಿನ ಪಿರಿಯಡ್ಡಿನ ಫೋಟೊವೂ ಚೆನ್ನಾಗಿ ಬರುವುದಿಲ್ಲ.

ಯಶಸ್ಸನ್ನು ಅಳೆಯುವುದು ಬೋರ್ಡ್ ಎಷ್ಟು ಗಂಟೆ ಆನ್ ಆಗಿತ್ತು ಎಂಬುದರಿಂದ. ಆದ್ದರಿಂದ ಬೆಳಿಗ್ಗೆ ಬಾಗಿಲು ತೆಗೆದವರೇ ಅದನ್ನೂ ಹಾಕಿಬಿಡುತ್ತಾರೆ. ಸಂಜೆಯವರೆಗೆ ಅದರಲ್ಲಿ ಕಂಪನಿಯ ಲಾಂಛನ ಅತ್ತಿಂದಿತ್ತ ತೇಲುತ್ತಿರುತ್ತದೆ. ಬೋರ್ಡನ್ನು ಕರಿಹಲಗೆಯ ನಟ್ಟನಡುವೆಯೇ ಮೊಳೆ ಹೊಡೆದು ಕೂರಿಸಿರುವುದರಿಂದ ಎಡಗಡೆ ಒಂದು ಪಟ್ಟಿ, ಬಲಗಡೆ ಒಂದು ಪಟ್ಟಿ ಉಳಿದಿದೆ. ಎಡಗಡೆ ಭಿನ್ನರಾಶಿ, ಬಲಗಡೆ ಮನೆಗೆಲಸ. ಒಂದು ಎಚ್ಚರಿಕೆ: ಚಾಕ್‌ಪೀಸಿನ ಧೂಳು ಬೋರ್ಡಿನ ಗಾಳಿಕಿಂಡಿಗೆ ಸೇರಿದರೆ ಒಳಗೆ ಬಿಸಿಯಾಗಿ ತಾನೇ ಆಫ್ ಆಗಬಹುದು, ಗಂಟೆಗಳ ಲೆಕ್ಕ ಕೆಡುತ್ತದೆ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಒಣ ಬ್ರಷ್ಷಿನಿಂದ ಕಿಂಡಿ ಗುಡಿಸಿ, ಮತ್ತೆ ಆನ್ ಮಾಡಿ, ಎಡಗಡೆಯ ಪಟ್ಟಿಯಲ್ಲಿ ಪಾಠ ಮುಂದುವರಿಸಿ.