ಎಎಂಎಚ್ ಒಂದನ್ನೇ ನೋಡಿ ಐವಿಎಫ್ ಬೇಡ

ಮಗುವಿಗಾಗಿ ಪ್ರಯತ್ನಿಸುತ್ತಿರುವವರಿಗೆ ರಕ್ತಪರೀಕ್ಷೆಯಲ್ಲಿ ಎಎಂಎಚ್ ಅನ್ನೋ ಹಾರ್ಮೋನ್ ಕಡಿಮೆ ಬಂದರೆ ತಡ ಮಾಡದೆ, ಅಂಡಾಣು ಮತ್ತು ವೀರ್ಯವನ್ನು ದೇಹದ ಹೊರಗೆ ಸೇರಿಸಿ ಭ್ರೂಣ ಮಾಡುವ ಐವಿಎಫ್‌ಗೆ ಹೋಗಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಮಾತ್ರ ಒಪ್ಪುತ್ತೇನೆ. ಅಂಡಾಶಯದಲ್ಲಿ ಅಂಡಾಣುಗಳು ಎಷ್ಟು ಉಳಿದಿರಬಹುದು ಅನ್ನೋ ಅಂದಾಜು ಅಷ್ಟೇ ಆ ಪರೀಕ್ಷೆಯಲ್ಲಿ ಸಿಗುವುದು. ಅವುಗಳ ಗುಣಮಟ್ಟ ಹೇಗಿದೆ, ತಾನಾಗೇ ಗರ್ಭ ನಿಲ್ಲುತ್ತದಾ ಅನ್ನೋದನ್ನು ಅದು ಹೇಳುವುದಿಲ್ಲ. ನನ್ನ ರಿಪೋರ್ಟ್‌ನಲ್ಲಿ ಆ ಅಂಕಿ ದಪ್ಪ ಅಕ್ಷರದಲ್ಲಿತ್ತು, ಪಕ್ಕದಲ್ಲೊಂದು ಕೆಳಮುಖದ ಬಾಣ. ನೋಡಿ ಕೈಕಾಲೇ ಆಡಲಿಲ್ಲ. ಅಂಥ ಹೊತ್ತಲ್ಲಿ ಯಾರೂ ದೊಡ್ಡ ನಿರ್ಧಾರ ತಗೊಳ್ಳಬಾರದು.

ವಯಸ್ಸು 35 ದಾಟಿದವರು 6 ತಿಂಗಳು ಪ್ರಯತ್ನಿಸಿಯೂ ಆಗದಿದ್ದರೆ ಡಾಕ್ಟರನ್ನು ನೋಡಲೇಬೇಕು, ನಿಜ. ಆದರೆ ಗಂಡನ ವೀರ್ಯ ಪರೀಕ್ಷೆಯೂ ಮೊದಲೇ ಆಗಲಿ. ಸುಲಭದ ಪರೀಕ್ಷೆ, ಆದರೂ ಎಷ್ಟೋ ಮನೆಗಳಲ್ಲಿ ಅದೇ ಕೊನೆಗೆ. ಸೂಜಿ, ಸ್ಕ್ಯಾನ್ ಎಲ್ಲ ಹೆಂಡತಿಗೇ ಯಾಕೆ? ಅಂಡಾಣು ಸಾಗುವ ಟ್ಯೂಬ್ ಎರಡೂ ಮುಚ್ಚಿದ್ದರೆ, ವೀರ್ಯವನ್ನು ಗರ್ಭಕೋಶದೊಳಗೆ ಬಿಡುವ ಐಯುಐ ಮಾಡಿಸಿ ಪ್ರಯೋಜನವಿಲ್ಲ. ಪಿಸಿಓಎಸ್ ಅನ್ನೋ ಹಾರ್ಮೋನ್ ತೊಂದರೆಯಿರುವವರಿಗೆ ಅದರಿಂದ ಪಿಸಿಓಎಸ್‌ನಿಂದ ಅಂಡಾಣು ಸರಿಯಾಗಿ ಬಿಡುಗಡೆ ಆಗದಿದ್ದರೆ ಸಾಮಾನ್ಯವಾಗಿ ಲೆಟ್ರೊಜೋಲ್ ಮಾತ್ರೆಯಿಂದ ಶುರು ಮಾಡುತ್ತಾರೆ. ಕಾರಣ ಹುಡುಕದೆ ಚಿಕಿತ್ಸೆ ಆರಿಸೋದು ಹೇಗೆ ಹೇಳಿ?

ಆಸ್ಪತ್ರೆಯವರು ಸಕ್ಸೆಸ್ ರೇಟ್ ಹೇಳಿದಾಗ ಸುಮ್ನೆ ತಲೆಯಾಡಿಸಬೇಡಿ. ಅದು ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಬಂದವರ ಲೆಕ್ಕವಾ, ಮಗು ಹುಟ್ಟಿದ್ದರ ಲೆಕ್ಕವಾ, ನಿಮ್ಮ ವಯಸ್ಸಿನವರದ್ದಾ ಅಂತ ಕೇಳಿ. ಚಿಕಿತ್ಸೆಯ ಎಷ್ಟು ಸೈಕಲ್‌ವರೆಗೆ ಹೋಗೋದು, ಎಲ್ಲಿಗೆ ನಿಲ್ಲಿಸೋದು ಅಂತ ಗಂಡ ಹೆಂಡತಿ ಕೂತು ಮೊದಲೇ ಮಾತಾಡಿ. ನಾವು ಮಾತಾಡಿದೆವು, ಇಬ್ಬರೂ ಅತ್ತೆವು. ಆಮೇಲೆ ಮನಸ್ಸು ಎಷ್ಟೋ ಹಗುರ ಆಯಿತು. ಚಿಕಿತ್ಸೆ ನಿಲ್ಲಿಸುವುದೂ ಒಂದು ಆಯ್ಕೆಯೇ ಅಲ್ವಾ? ಅದನ್ನೂ ಲೇಖನದಲ್ಲಿ ಸೇರಿಸಿ, ದಯವಿಟ್ಟು.