ಕಾಯುವ ಕಾಲ, ಕರಿಯುವ ಕೆಲಸ

ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ಭಾನುವಾರ ಸೇರಿಸಿ ಇಗರ್ಜಿಯಲ್ಲಿ ಆಗಮನ ಕಾಲ ಅಂತಾರೆ. ಹೆಸರಿಗೆ ನಾಲ್ಕು ವಾರ. ಪೂರ್ತಿ ನಾಲ್ಕು ವಾರ ಸಿಗುವುದು ಕ್ರಿಸ್ಮಸ್ ಭಾನುವಾರವೇ ಬಂದರೆ ಮಾತ್ರ. 2022ರಲ್ಲಿ ಹಾಗೆ ಬಂದಿತ್ತು, 28 ದಿನ ಸಿಕ್ಕಿತು. ಮರುವರ್ಷ ಸೋಮವಾರ ಬಂತು ನೋಡಿ, 22 ದಿನಕ್ಕೆ ಇಳಿಯಿತು. ನಾಲ್ಕನೇ ವಾರ ಅನ್ನುವುದು ಡಿಸೆಂಬರ್ 24ರ ಬೆಳಿಗ್ಗೆ ಪೂಜೆಗೆ ಶುರುವಾಗಿ ಸಂಜೆ ನಕ್ಷತ್ರಕ್ಕೆ ಲೈಟು ಹಾಕುವಷ್ಟರಲ್ಲಿ ಮುಗಿದೇ ಹೋಯಿತು. ಆವತ್ತು ನಮ್ಮ ಮನೆಯ ನೆವ್ರ್ಯೊ ಅನ್ನುವ ಕರಿದ ಸಿಹಿತಿಂಡಿ ಇನ್ನೂ ಹಿಟ್ಟಿನ ರೂಪದಲ್ಲೇ ಇತ್ತು.

ಮೊದಲ ಭಾನುವಾರ ಪಾದ್ರಿಗಳು ಪ್ರವಚನದಲ್ಲಿ ಹೇಳುವುದು ಹೆಚ್ಚುಕಡಿಮೆ ಒಂದೇ. ಇದು ಕಾಯುವ ಕಾಲ, ಸಮಯ ಹಾಳು ಮಾಡಬೇಡಿ, ದಿನಕ್ಕೆ ಹತ್ತು ನಿಮಿಷವಾದರೂ ಸುಮ್ಮನೆ ಕೂತು ದೇವರೊಟ್ಟಿಗೆ ಮಾತಾಡಿ. ಮಾತು ಸರಿಯೇ. ಆದರೆ ಪಾದ್ರಿಗಳ ಬಂಗ್ಲೆಗೆ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳು, ತಟ್ಟೆಯಲ್ಲಿ ಜೋಡಿಸಿಕೊಂಡೇ ಬರುತ್ತದೆ, ಅಲ್ವಾ? ಮಾಡುವವರ ಮನೆಯಲ್ಲಿ ಡಿಸೆಂಬರ್ ಹೇಗಿರುತ್ತದೆ ಅಂತ ಅವರಿಗೆ ಯಾರು ಹೇಳಬೇಕು. ನನ್ನನ್ನು ಕೇಳಿದರೆ, ಮಂಗಳೂರಿನವರಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ತಿಂಗಳಿಡೀ ನಾವು ಮಾಡುವುದೇ ಅದು. ಎಲ್ಲಿ ಕಾಯುತ್ತೇವೆ ಅನ್ನುವುದು ಮಾತ್ರ ಪ್ರವಚನಕ್ಕೆ ಸರಿಹೊಂದುವುದಿಲ್ಲ.

ಈ ಸಲ ಮಗಳು ಸಮಯದ ಸದುಪಯೋಗಕ್ಕೆ ಅಂತ ಒಂದು ಟೈಮ್‌ಟೇಬಲ್ ಪ್ರಿಂಟ್ ಮಾಡಿ ಫ್ರಿಜ್ಜಿಗೆ ಅಂಟಿಸಿದಳು. ಬೆಳಿಗ್ಗೆ ಐದೂವರೆಗೆ ಬೈಬಲ್. ರಾತ್ರಿ ಎಂಟರಿಂದ ಒಂಬತ್ತು ಯಾರೂ ಫೋನ್ ಮುಟ್ಟಬಾರದು. ಶನಿವಾರ ಹುಷಾರಿಲ್ಲದವರ ಭೇಟಿ. ನಮ್ಮವರ ಕಾಲಮ್ಮಿನಲ್ಲಿ ‘ಗೋದಲಿ’ ಅಂತ ಒಂದೇ ಶಬ್ದ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ಮಾಂಯ್, ಅಂದರೆ ನಮ್ಮತ್ತೆ, ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದರು. ಮತ್ತೊಮ್ಮೆ ಓದಿದರು. “ಎಲ್ಲ ಸರಿ ಮಗಾ, ಇದರಲ್ಲಿ ಗುಳಿಯೊ ಎಲ್ಲಿ ಉಂಟು?”

ಗುಳಿಯೊ ಅನ್ನುವ ಗಟ್ಟಿ ಉಂಡೆ ಎಲ್ಲಿಯೂ ಇರಲಿಲ್ಲ. ಕಿಡಿಯೊ, ಕೊಕ್ಕಿಸಾಂ, ತುಕ್ಡಿ, ಕುಸ್ವಾರಿನ ಯಾವ ತಿಂಡಿಯೂ ಇರಲಿಲ್ಲ. ಎರಡನೇ ವಾರದಲ್ಲಿ ಆ ಹಾಳೆ ಫ್ರಿಜ್ಜಿನಿಂದ ಇಳಿದು ಕಿಡಿಯೊದ ಎಣ್ಣೆ ಹೀರುವ ಕೆಲಸಕ್ಕೆ ಬಂತು. ಆ ಕೆಲಸವನ್ನೂ ಸರಿಯಾಗಿ ಮಾಡಲಿಲ್ಲ, ಇದಕ್ಕೆಲ್ಲ ನ್ಯೂಸ್ ಪೇಪರೇ ಒಳ್ಳೆಯದು ಅಂತ ಮಾಂಯ್ ತೀರ್ಪು ಕೊಟ್ಟರು.

ಮೇಜಿನ ಮೇಲೆ ಹಸಿರು ಎಲೆಯ ಬಳೆ ಮಾಡಿ ನಾಲ್ಕು ಮೇಣದಬತ್ತಿ ಇಟ್ಟಿದ್ದೆವು. ಮೂರು ನೇರಳೆ, ಒಂದು ಗುಲಾಬಿ. ಗುಲಾಬಿ ಬತ್ತಿ ಮೂರನೇ ಭಾನುವಾರಕ್ಕೆ. ಅದು ಸಂತೋಷದ ಭಾನುವಾರ, ಆವತ್ತು ಪಾದ್ರಿಗಳ ಪೂಜೆಯ ವಸ್ತ್ರವೂ ಗುಲಾಬಿ. ವಾರಕ್ಕೊಂದು ಬತ್ತಿ ಜಾಸ್ತಿ ಹಚ್ಚುತ್ತಾ ಹೋಗುವುದು ಕ್ರಮ. ಹಾಗಾಗಿ ಮೊದಲನೆಯದು ಗಿಡ್ಡವಾಗಬೇಕು, ಕೊನೆಯದು ಉದ್ದ ಉಳಿಯಬೇಕು. ನಮ್ಮಲ್ಲಿ ಗುಲಾಬಿ ಬತ್ತಿ ಇದ್ದದ್ದು ಅಡುಗೆ ಮನೆಯ ಬಾಗಿಲ ಕಡೆ. ಕರೆಂಟ್ ಹೋದಾಗಲೆಲ್ಲ ಕತ್ತಲಲ್ಲಿ ಕೈಗೆ ಮೊದಲು ಸಿಕ್ಕಿದ್ದು ಅದೇ. ಸಂತೋಷದ ಭಾನುವಾರ ಬರುವಾಗ ಸಂತೋಷ ಅರ್ಧ ಇಂಚು ಉಳಿದಿತ್ತು.

ಇನ್ನು ಮಿಲ್ಲು. ಕುಸ್ವಾರ್‌ಗೆ ಅಕ್ಕಿ ಹುಡಿ ಬೇಕು. ಪ್ಯಾಕೆಟ್ ಹುಡಿ ಮಾಂಯ್ ಒಪ್ಪುವುದಿಲ್ಲ. ತೊಳೆದು ಒಣಗಿಸಿದ ಅಕ್ಕಿ ಹಿಡಿದುಕೊಂಡು ಹೋದರೆ ಊರಿನ ಬಾಯಿಯಂದಿರೆಲ್ಲ, ಅಂದರೆ ನಮ್ಮ ಹೆಂಗಸರೆಲ್ಲ, ನನಗಿಂತ ಮೊದಲೇ ಅಲ್ಲಿ ಇರುತ್ತಾರೆ. ಡಬ್ಬಗಳದ್ದೇ ಒಂದು ಸಾಲು, ಮನುಷ್ಯರದ್ದು ಬೇರೆ ಸಾಲು. ಮಿಲ್ಲಿನ ಸದ್ದಿನಲ್ಲಿ ಫೋನ್ ಕೇಳುವುದಿಲ್ಲ, ಹುಡಿ ಹಾರುವುದರಿಂದ ಸ್ಕ್ರೀನೂ ಕಾಣುವುದಿಲ್ಲ. ಮಗಳ ‘ಫೋನ್ ಇಲ್ಲದ ಒಂದು ಗಂಟೆ’ ನಿಜವಾಗಿ ನಡೆದದ್ದು ಅಲ್ಲಿ ಮಾತ್ರ. ನನ್ನ ಮುಂದೆ ಇದ್ದ ಬಾಯಿಯೊಬ್ಬರು ಒಂದು ಕೈಯಲ್ಲಿ ಜಪಸರ ಹಿಡಿದು ತುಟಿ ಅಲ್ಲಾಡಿಸುತ್ತಾ ನಿಂತಿದ್ದರು. ಇನ್ನೊಂದು ಕೈ ತನ್ನ ಡಬ್ಬದ ಮೇಲೆ. ಯಾರೋ ಹುಡುಗ ಮಧ್ಯದಲ್ಲಿ ಚೀಲ ತೂರಿಸಲು ನೋಡಿದ. ಬಾಯಿ ಮರಿಯಮ್ಮನ ಪ್ರಾರ್ಥನೆ ಅಲ್ಲಿಗೇ ನಿಲ್ಲಿಸಿ ಅವನಿಗೆ ತುಳುವಿನಲ್ಲಿ ಎರಡು ಮಾತು ಕೊಟ್ಟು, ನಿಲ್ಲಿಸಿದ ಶಬ್ದದಿಂದಲೇ ಮುಂದುವರಿಸಿದರು. ಒಂದು ಮಣಿಯೂ ತಪ್ಪಲಿಲ್ಲ.

ಕೊಕ್ಕಿಸಾಂ ಮಾಡುವ ದಿನ ಮನೆಯಲ್ಲಿ ಯಾರೂ ಯಾರೊಟ್ಟಿಗೂ ಮಾತಾಡಬಾರದು ಅಂತ ನನ್ನ ಅಭಿಪ್ರಾಯ. ಕಬ್ಬಿಣದ ಹೂವಿನ ಅಚ್ಚು ಎಣ್ಣೆಯಲ್ಲಿ ಕಾಯಬೇಕು, ಅದು ಕಾಯುವವರೆಗೆ ನಾವು ಕಾಯಬೇಕು. ಬಿಸಿ ಸಾಲದಿದ್ದರೆ ಹಿಟ್ಟು ಅಚ್ಚಿಗೆ ಹಿಡಿಯುವುದಿಲ್ಲ. ಜಾಸ್ತಿಯಾದರೂ ಹಿಡಿಯುವುದಿಲ್ಲ. ಇವೆರಡರ ನಡುವೆ ಒಂದು ಗಳಿಗೆ ಉಂಟು, ಅದು ಮಾಂಯ್‌ಗೆ ಮಾತ್ರ ಗೊತ್ತು. ಸರಿಯಾಗಿ ಆ ಗಳಿಗೆಗೇ ಕೊರಿಯರ್‌ನವನು ಬೆಲ್ ಮಾಡುತ್ತಾನೆ.

ಎದುರು ಮನೆ ಭಟ್ರದ್ದು. ಚೌತಿಗೆ ಅವರ ಚಕ್ಕುಲಿ ನಮ್ಮಲ್ಲಿಗೆ ಬರುತ್ತದೆ, ಕ್ರಿಸ್ಮಸ್‌ಗೆ ನಮ್ಮ ತಟ್ಟೆ ಅಲ್ಲಿಗೆ ಹೋಗುತ್ತದೆ. ಅವರಿಗಾಗಿ ಮೊಟ್ಟೆ ಹಾಕದ ಕೊಕ್ಕಿಸಾಂ ಬೇರೆ ಮಾಡಿ, ಬೇರೆ ಡಬ್ಬದಲ್ಲಿ ತುಂಬಿಸಿ, ಚೀಟಿ ಅಂಟಿಸಿ ಇಟ್ಟಿದ್ದೆವು. ಎಣ್ಣೆ ಕೈ ತಾಗಿದರೆ ಚೀಟಿ ನಿಲ್ಲುತ್ತದಾ? 23ಕ್ಕೆ ನೋಡಿದರೆ ಎರಡೂ ಚೀಟಿ ನೆಲದ ಮೇಲೆ ಬಿದ್ದಿವೆ, ಎರಡೂ ಡಬ್ಬ ಒಂದೇ ಬಣ್ಣ. ನಮ್ಮವರು ರುಚಿ ನೋಡಿ ಹೇಳುತ್ತೇನೆ ಅಂತ ಮುಂದೆ ಬಂದರು. ಈ ಡಬ್ಬದಿಂದ ಒಂದು, ಆ ಡಬ್ಬದಿಂದ ಒಂದು. ಮಧ್ಯದಲ್ಲಿ ನೀರು. ಪುನಃ ಒಂದು. ಎರಡೂ ಡಬ್ಬ ಕಾಲುಭಾಗ ಇಳಿದ ಮೇಲೆ, “ಎರಡೂ ಚೆನ್ನಾಗಿ ಉಂಟು” ಅಂದರು. ಭಟ್ರ ಮನೆಗೆ ಈ ಸಲ ಬಾಳೆಹಣ್ಣು, ಗೇರುಬೀಜ ಮತ್ತು ತುಂಬಾ ನಗು ಹೋಯಿತು.

ಇದೇ ಮನುಷ್ಯರ ಗೋದಲಿ ಇನ್ನೊಂದು ಕತೆ. ಅಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಗ್ರೆಚ್ಚೋ ಅನ್ನುವ ಊರಿನಲ್ಲಿ ಗೋದಲಿ ಮಾಡಿದಾಗ ಒಂದಿಷ್ಟು ಹುಲ್ಲು, ಒಂದು ಎತ್ತು, ಒಂದು ಕತ್ತೆ ಸಾಕಾಯಿತಂತೆ. ನಮ್ಮವರಿಗೆ ಸಾಲದು. ಬೆಟ್ಟ ಬೇಕು, ಹೊಳೆ ಬೇಕು, ಪಂಪು ಹಾಕಿ ನೀರು ಹರಿಯಬೇಕು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಮಾಡು ಎಲ್ಲ ಸೇರಿಸಿ ಇಟಲಿಯ ಬ್ರದರ್ ಮೊಸ್ಕೇನಿ ಚಿತ್ರ ಬಿಡಿಸಿ ಮುಗಿಸಿದ್ದು ಎರಡು ಚಿಲ್ಲರೆ ವರ್ಷದಲ್ಲಿ. ಹಿಂದಿನ ರಟ್ಟಿಗೆ ನೀಲಿ ಆಕಾಶ ಬಳಿಯಲು ನಮ್ಮವರು ತೆಗೆದುಕೊಂಡ ಸಮಯ ನೋಡಿದರೆ, ಚಾಪೆಲ್ ಇವರ ಕೈಗೆ ಸಿಕ್ಕಿದ್ದರೆ ಇವತ್ತಿಗೂ ಸಾರ್ವೆ ಬಿಚ್ಚುತ್ತಿರಲಿಲ್ಲ. ಬೇಗ ಶುರು ಮಾಡಿದರೆ ಒಳ್ಳೆಯದು ಅಂತ ಹುಲ್ಲಿಗಾಗಿ ರಾಗಿಯನ್ನು ನವೆಂಬರಿನಲ್ಲೇ ಟ್ರೇಯಲ್ಲಿ ಬಿತ್ತಿದ್ದರು. ಹಬ್ಬಕ್ಕೆ ಅದು ಒಂಟೆಗಿಂತ ಎತ್ತರ ಬೆಳೆದು ಒಂದು ಕಡೆಗೆ ಮಲಗಿತ್ತು. ಮೂವರು ಜ್ಞಾನಿಗಳಲ್ಲಿ ಇಬ್ಬರ ಕಿರೀಟ ಮಾತ್ರ ಕಾಣುತ್ತಿತ್ತು, ಮೂರನೆಯವರು ಇದ್ದಾರೆ ಅಂತ ನಂಬಬೇಕಿತ್ತು.

ಹಬ್ಬಕ್ಕೆ ಮೊದಲು ಒಂದು ಸಂಜೆ ಬೇರೆ ಬೇರೆ ಕಡೆಯ ಪಾದ್ರಿಗಳು ಬಂದು ಪಾಪನಿವೇದನೆಗೆ ಕೂರುತ್ತಾರೆ. ಎಲ್ಲಿ ಸಾಲು ಬೇಗ ಸಾಗುತ್ತದೆ ಅಂತ ಜನ ರೈಲ್ವೆ ಟಿಕೆಟ್ ಕೌಂಟರ್ ನೋಡಿದ ಹಾಗೆ ನೋಡುತ್ತಾರೆ. ಗುರುತಿನ ಪಾದ್ರಿಗಳ ಎದುರು ಯಾರೂ ಇಲ್ಲ, ಹೊರಗಿನವರ ಎದುರು ಬಾಗಿಲವರೆಗೆ ಸಾಲು. ನಾನೂ ಬಾಗಿಲ ಹತ್ತಿರವೇ ನಿಂತೆ. ಅಷ್ಟರಲ್ಲಿ ಇಗರ್ಜಿಯ ನಮ್ಮ ವಾರ್ಡಿನ ಮುಖಂಡರಾದ ಗುರ್ಕಾರರು ಮಂಡಿಯೂರಿದರು. ಐದು ನಿಮಿಷ ಆಯಿತು. ಏಳಲಿಲ್ಲ. ಹತ್ತು ಆಯಿತು. ಹಿಂದೆ ನಿಂತವರೆಲ್ಲ ತಲೆ ತಗ್ಗಿಸಿ ಪ್ರಾರ್ಥನೆ ಮಾಡುವಂತೆ ಕಂಡರೂ ಪ್ರತಿಯೊಬ್ಬರೂ ಮನಸ್ಸಿನಲ್ಲಿ ವಾರ್ಡಿನ ಲೆಕ್ಕಪತ್ರ ತೆಗೆದು ನೋಡುತ್ತಿದ್ದರು ಅಂತ ನಾನು ಖಂಡಿತ ಹೇಳಬಲ್ಲೆ. ಕೊನೆಗೆ ಅವರು ಎದ್ದು ಬಂದು, “ಎಂತದ್ದೂ ಇಲ್ಲ ಮಾರಾಯ್ರೇ, ಪಾದ್ರಿಗಳು ನಮ್ಮ ಅಜ್ಜಿ ಮನೆಯ ಕಡೆಯವರು” ಅಂದರು. ಸಾಲಿನ ಮುಖದಲ್ಲಿ ಸ್ವಲ್ಪ ನಿರಾಸೆ ಕಂಡಿತು.

ಕ್ಯಾರಲ್‌ನವರು ಏಳು ಗಂಟೆಗೆ ಬರುತ್ತೇವೆ ಅಂದಿದ್ದರು. ಏಳು ಗಂಟೆ ಅಂದರೆ ಹತ್ತಕ್ಕೆ ಮೊದಲು ಅಲ್ಲ ಅಂತ ನಮ್ಮ ಬಿಜೈಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಆದರೂ ನಾವು ಆರೂವರೆಗೇ ಒಳ್ಳೆ ಬಟ್ಟೆ ಹಾಕಿ ಸೋಫಾದಲ್ಲಿ ಸಾಲಾಗಿ ಕೂತೆವು. ಜ್ಯೂಸ್ ಬಿಸಿಯಾಯಿತು. ಮಗ ಒಳಗೆ ಹೋಗಿ ಬನಿಯನ್‌ನಲ್ಲಿ ಬಂದ. ಮಾಂಯ್ ಮಾತ್ರ ಅಲುಗಾಡದೆ ಜಪಸರ ಮುಗಿಸಿ ಪುನಃ ಶುರು ಮಾಡಿದರು. ಪ್ರವಚನದ ಹತ್ತು ನಿಮಿಷವನ್ನು ಅವರು ಯಾರ ಟೈಮ್‌ಟೇಬಲ್ಲೂ ಇಲ್ಲದೆ ಎಷ್ಟೋ ಪಟ್ಟು ಮಾಡಿಬಿಟ್ಟಿದ್ದರು.

ಹನ್ನೊಂದಕ್ಕೆ ಗಿಟಾರ್ ಸದ್ದು ಕೇಳಿತು. ಎರಡು ನಿಮಿಷದಲ್ಲಿ ಹಾಡು ಮುಗಿಸಿ, ಡಬ್ಬ ಅಲ್ಲಾಡಿಸಿ, ಎಲ್ಲರೂ ಮೇಲಿನ ಮಾಳಿಗೆಗೆ ಓಡಿದರು. ಸಾಂತಾ ಒಬ್ಬ ಹಿಂದೆ ಉಳಿದ. ಕರಾವಳಿಯ ಸೆಖೆಗೆ ಮೇಲಿಂದ ಕೆಳಗೆ ಕೆಂಪು ವೆಲ್ವೆಟ್, ಅದರ ಮೇಲೆ ಹತ್ತಿಯ ಗಡ್ಡ. “ಆಂಟಿ, ಫ್ಯಾನಿನ ಕೆಳಗೆ ಎರಡು ನಿಮಿಷ ಕೂತ್ಕೊಳ್ಲಾ?” ಅಂದ. ಕೂತ. ಮಾಂಯ್ ಅವನ ಕೈಗೆ ಗುಳಿಯೊ ಕೊಟ್ಟರು. ನಮ್ಮ ಗುಳಿಯೊ ಬಾಯಿಗೆ ಹಾಕಿಕೊಂಡ ಮೇಲೆ ಸ್ವಲ್ಪ ಹೊತ್ತು ಯಾರಿಗೂ ಮಾತಾಡಲು ಆಗುವುದಿಲ್ಲ.

ಫೋನ್ ಬಂತು, ಮೇಲಿನ ಮನೆಯಿಂದ. “ಸಾಂತಾ ನಿಮ್ಮಲ್ಲಿ ಉಂಟಾ? ಇಲ್ಲಿ ಹಾಡು ಮುಗಿಯಿತು, ಮಕ್ಕಳು ಅಳ್ತಿದ್ದಾರೆ.”

ನಾನು ಸಾಂತಾನನ್ನು ನೋಡಿದೆ. ಅವನು ಬಾಯಿ ತೆರೆಯಲಾಗದೆ ಕೈ ಮುಗಿದ.

“ಸ್ವಲ್ಪ ಕಾಯಲಿಕ್ಕೆ ಹೇಳು,” ಅಂದರು ಮಾಂಯ್ ಡಬ್ಬದ ಮುಚ್ಚಳ ತೆಗೆಯುತ್ತಾ. “ಹುಡುಗನಿಗೆ ನೆವ್ರ್ಯೊ ಇನ್ನೂ ಕೊಟ್ಟಾಗಲಿಲ್ಲ.”